ಗಿರಾಕಿ ಅರ್ಧ, ಬಾಡಿಗೆ ಮಾತ್ರ ಪೂರ್ತಿ

ಆಫೀಸಿನವರು ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ, ನಿಮ್ಮ ಹೋಟೆಲಿನ ಮಧ್ಯಾಹ್ನದ ಊಟದ ವ್ಯಾಪಾರ ಬಿದ್ದುಹೋಗಿದೆ, ಪಕ್ಕದ ಮಳಿಗೆಯೂ ಖಾಲಿ. ಆದರೂ ಮಾಲೀಕರು ಬಾಡಿಗೆ ಯಾಕೆ ಇಳಿಸುತ್ತಿಲ್ಲ ಅಂತ ಕೇಳಿದ್ದೀರಿ. ನೋಡೋರಿಗೆ ಹಟ ಅನ್ನಿಸುತ್ತದೆ. ಆದರೆ ಅದರ ಹಿಂದೆ ಲೆಕ್ಕವಿದೆ.

ಇಂಥ ಕಟ್ಟಡದ ಬೆಲೆಯನ್ನು ಸಾಮಾನ್ಯವಾಗಿ ಅದು ತರುವ ಬಾಡಿಗೆ ನೋಡಿಯೇ ಕಟ್ಟುತ್ತಾರೆ. ಬ್ಯಾಂಕ್ ಸಾಲ ನಿಂತಿರುವುದೂ ಆ ಬೆಲೆಯ ಮೇಲೆ. ಒಂದು ಮಳಿಗೆಗೆ ಕಡಿಮೆ ಬಾಡಿಗೆ ಅಂತ ಕರಾರಿನಲ್ಲಿ ಬರೆದರೆ ಅಕ್ಕಪಕ್ಕದವರೂ ಅದನ್ನೇ ಕೇಳುತ್ತಾರೆ, ಕಟ್ಟಡದ ಬೆಲೆಯೇ ಇಳಿಯುತ್ತದೆ. ಅದಕ್ಕಿಂತ ಕೆಲವು ತಿಂಗಳು ಬೀಗ ಹಾಕಿಡೋದೇ ವಾಸಿ ಅನ್ನಿಸುತ್ತದೆ ಅವರಿಗೆ.

ಹಾಗಾಗಿ ಸುಮ್ನೆ 'ಬಾಡಿಗೆ ಇಳಿಸಿ' ಅನ್ನಬೇಡಿ. ಕರಾರಿನ ಬಾಡಿಗೆ ಹಾಗೇ ಇರಲಿ, ಎರಡು ಮೂರು ತಿಂಗಳ ಬಾಡಿಗೆ ಬಿಡಿ ಅನ್ನಿ. ಇಲ್ಲವೇ ಸ್ವಲ್ಪ ಖಾಯಂ ಬಾಡಿಗೆ, ಅದರ ಮೇಲೆ ವ್ಯಾಪಾರದಲ್ಲಿ ಇಷ್ಟು ಪಾಲು ಅಂತ ಕೇಳಿ. ಒಪ್ಪುವ ಸಾಧ್ಯತೆ ಜಾಸ್ತಿ.

ಮಾತಿಗೆ ಕೂರುವ ಮೊದಲು ದಿನವಾರು ಲೆಕ್ಕ ತೆಗೆಯಿರಿ. ಐದು ದಿನ ಬರುತ್ತಿದ್ದವರು ಮೂರೇ ದಿನ ಬಂದರೆ ಊಟ ಶೇ. 40 ಕಡಿಮೆ. ಅದೂ ಸಮನಾಗಿ ಹಂಚಿಹೋಗುವುದಿಲ್ಲ, ಅಲ್ವಾ? ವಾರದ ಮಧ್ಯೆ ನೂಕುನುಗ್ಗಲು, ಸೋಮವಾರ ಶುಕ್ರವಾರ ನೊಣ ಹೊಡೆಯಬೇಕು. ಅಡುಗೆಯವರನ್ನು ಮಾತ್ರ ನೂಕುನುಗ್ಗಲಿನ ಲೆಕ್ಕಕ್ಕೇ ಇಟ್ಟುಕೊಳ್ಳಬೇಕು. ನಿಜವಾದ ಹೊಡೆತ ಇದೇ.

ಆ ಗಿರಾಕಿಗಳೇನೂ ಮಾಯವಾಗಿಲ್ಲ, ಮನೆ ಹತ್ತಿರ ತಿನ್ನುತ್ತಿದ್ದಾರೆ. ನಡುವೆ ತೂತಿರುವ ಡೋನಟ್ ತಿಂಡಿಯ ಹಾಗೆ ಊರಿನ ನಡು ಖಾಲಿಯಾಗಿ ಅಂಚು ತುಂಬುವ ಇದಕ್ಕೆ ಸಂಶೋಧಕರಾದ ಅರ್ಜುನ್ ರಮಣಿ ಮತ್ತು ನಿಕೋಲಸ್ ಬ್ಲೂಮ್ ಅಮೆರಿಕದ ನಗರಗಳನ್ನು ನೋಡಿ 2021ರಲ್ಲಿ 'ಡೋನಟ್ ಪರಿಣಾಮ' ಅಂತ ಹೆಸರಿಟ್ಟರು. ಕರಾರು ಮುಗಿಯಲು ಹತ್ತಿರವಿದ್ದರೆ ನೀವೂ ಊರಿನ ಅಂಚಿನಲ್ಲೊಂದು ಸಣ್ಣ ಜಾಗ ನೋಡಿಟ್ಟುಕೊಳ್ಳಿ.