ಪ್ರತಿಕ್ರಿಯೆ: ಅಪ್ಪನ ಮಂಕು ಕೊಲೆಸ್ಟ್ರಾಲ್ ಮಾತ್ರೆಯಿಂದಲಾ?

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಸಿರುಗುಪ್ಪಕ್ಕೆ ಬಂದ ಮೇಲೆ ಅಪ್ಪ ಗದ್ದೆ ಕಡೆ ಹೋಗುತ್ತಿಲ್ಲ, ಚಹಾ ಕೈಯಲ್ಲೇ ಆರಿಹೋದರೂ ಸುಮ್ನೆ ಕೂತಿರುತ್ತಾರೆ, ಕೊಲೆಸ್ಟ್ರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ ನಿಲ್ಲಿಸಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಇರುವವರಿಗೆ ಅದು ಬಹಳ ಮುಖ್ಯದ ಮಾತ್ರೆ.

ನಿಮ್ಮ ಅನುಮಾನದಲ್ಲಿ ತಪ್ಪಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಅಟೋರ್ವಾಸ್ಟಾಟಿನ್ ಸೇರಿದ ಮಾತ್ರೆಗಳ ಗುಂಪಾದ ಸ್ಟಾಟಿನ್‌ಗಳ ಅಡ್ಡಪರಿಣಾಮಗಳಿಗೆ ಖಿನ್ನತೆ, ನಿದ್ದೆಯ ತೊಂದರೆ ಎರಡನ್ನೂ ಸೇರಿಸಿತು. ಆದರೆ ಮಾತ್ರೆಯೇ ಕಾರಣ ಎಂದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಹೃದಯದ ತೊಂದರೆ ಆದವರಿಗೆ ಮನಸ್ಸು ಕುಸಿಯುವುದು ತುಂಬಾ ಸಾಮಾನ್ಯ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ: ಥೈರಾಯ್ಡ್. ಅದು ಕಮ್ಮಿಯಾದರೆ ಕೊಲೆಸ್ಟ್ರಾಲೂ ಏರುತ್ತದೆ, ಮನಸ್ಸೂ ಮಂಕಾಗುತ್ತದೆ, ಮೈಕೈ ನೋವೂ ಬರುತ್ತದೆ. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದ್ದೀರಾ? ಮಾತ್ರೆ ಶುರುವಾದ ತಾರೀಖು, ಮಂಕು ಕಂಡ ದಿನ, ಎಲ್ಲ ಮಾತ್ರೆಗಳ ಹೆಸರು ಬರೆದುಕೊಂಡು ಹೃದಯದ ಡಾಕ್ಟರಿಗೆ ತೋರಿಸಿ. ಅವರು ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು.

ಮನೋವೈದ್ಯರ ಹತ್ತಿರ ಹೋಗಲು ಸಂಕೋಚ ಬೇಡ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಮಾದರಿ ಕಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, ಅಲ್ವಾ? ಅಪ್ಪ ಸಾಯುವ ಮಾತಾಡಿದರೆ ಮಾತ್ರ ಒಂದು ಗಳಿಗೆಯೂ ಒಬ್ಬರನ್ನೇ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.