ಕುದುರೆ ಇರಲಿ, ಆ ನಾಣ್ಯಗಳ ಕಥೆ ಹೇಳು

ಮ್ಯೂಸಿಯಂ ಕೆಲಸ ಕಲಿಯಲು ಹೊರಟ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು ನನಗೆ ಬರೆಯುವ ಪತ್ರಗಳಲ್ಲಿ ಒಂದೇ ರಾಗ. ಇಂಟರ್ನ್‌ಶಿಪ್ ಶುರುವಾಯಿತು, ಇನ್ನು ಹವ್ಯಾಸ ಎಲ್ಲ ಬಿಡಬೇಕಾ? ಡ್ಯಾನ್ಸ್ ಬಿಡಬೇಕಾ, ಕ್ರಿಕೆಟ್ ಬಿಡಬೇಕಾ ಅಂತ ಕೇಳಿದ್ದಾಯಿತು. ಈಗ ಕುದುರೆ. ಪ್ರತಿ ಸಲ ಎರಡು ಸಾಲು ಬರೆದು ನನಗೂ ಸಾಕಾಗಿದೆ. ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವರಿಗೆ ಜಾಗ ಕಡಿಮೆ, ಬೇಸರ ಬೇಡ.

ಪ್ರಶ್ನೆ: ಮೇಡಂ, ನಾನು ಮ್ಯೂಸಿಯಾಲಜಿ ಓದುತ್ತಿದ್ದೇನೆ. ಮನೆ ದಾವಣಗೆರೆ. ಚಿತ್ರದುರ್ಗದ ಒಂದು ಮ್ಯೂಸಿಯಂನಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಪ್ರತಿ ಭಾನುವಾರ ಊರಾಚೆಯ ಒಂದು ತೋಟದಲ್ಲಿ ಕುದುರೆ ಸವಾರಿ ಕಲಿಯುತ್ತೇನೆ. ವಾರದಲ್ಲಿ ಎರಡು ಸಂಜೆ ಲಾಯದ ಕೆಲಸಕ್ಕೂ ಹೋಗುತ್ತೇನೆ. ತಬಲಾ ಕ್ಲಾಸ್ ಇದೆ. ಹಳೆ ನಾಣ್ಯ ಕೂಡಿಸುವ ಹುಚ್ಚೂ ಇದೆ, ಮಳೆಗಾಲದಲ್ಲಿ ಚಂದ್ರವಳ್ಳಿ ಹತ್ತಿರ ಸಿಕ್ಕ ಎರಡು ಸೀಸದ ನಾಣ್ಯ ಮರದ ಡಬ್ಬಿಯಲ್ಲಿ ಜೋಪಾನವಾಗಿವೆ. ಅಪ್ಪಾಜಿ 'ಮೊದಲು ಕುದುರೆ ಬಿಡು' ಅಂತಾರೆ. ಎಲ್ಲವನ್ನೂ ಹೇಗೆ ನಿಭಾಯಿಸಲಿ?

ಉತ್ತರ: ನೋಡಮ್ಮ, ಕುದುರೆ ಬಿಡಬೇಡ. ನಿಮ್ಮ ಅಪ್ಪಾಜಿಗೂ ಇದನ್ನು ಓದಿ ಹೇಳು. ಇಂಟರ್ನ್‌ಶಿಪ್ ಕೆಡಿಸಿಕೊಂಡ ಎಷ್ಟೋ ಮಕ್ಕಳನ್ನು ನಾನು ನೋಡಿದ್ದೇನೆ. ಹವ್ಯಾಸದಿಂದ ಕೆಟ್ಟವರು ಕಡಿಮೆ. ಹೇಳದೆ ಕೇಳದೆ ರಜೆ ಹಾಕಿ ಕೆಟ್ಟವರೇ ಜಾಸ್ತಿ.

ಮೊದಲು ವಾರದ ಲೆಕ್ಕ. ಭಾನುವಾರ ಸವಾರಿ ಎಂದಿದ್ದೀಯ. ಮ್ಯೂಸಿಯಂನವರಿಗೆ ಭಾನುವಾರ ರಜೆ ಎಲ್ಲಿದೆ? ಕೋಟೆ ನೋಡಲು ಬರುವ ಜನ ಅವತ್ತೇ ಜಾಸ್ತಿ. ಹೆಚ್ಚಿನ ಮ್ಯೂಸಿಯಂಗಳಿಗೆ ವಾರದ ರಜೆ ಸೋಮವಾರ. ಆದರೆ ಎಷ್ಟೋ ಸವಾರಿ ಶಾಲೆಗಳಲ್ಲಿ ಕುದುರೆಗೂ ಸೋಮವಾರವೇ ವಿಶ್ರಾಂತಿ. ಹಾಗಾಗಿ ತೋಟದವರ ಹತ್ತಿರ ಈಗಲೇ ಮಾತಾಡು. ಮೂರು ತಿಂಗಳ ಮಟ್ಟಿಗೆ ಸೋಮವಾರ ಬೆಳಗ್ಗೆ ಕುದುರೆ ಕೊಡುತ್ತಾರಾ, ಅದರ ವಿಶ್ರಾಂತಿಯನ್ನು ಬೇರೆ ದಿನ ಕೊಡುತ್ತಾರಾ ಕೇಳು. ದಣಿದ ಕುದುರೆಯ ಮೇಲೆ ಮಾತ್ರ ಹತ್ತಬೇಡ.

ದಾವಣಗೆರೆಯಿಂದ ದುರ್ಗ ಸುಮಾರು 60 ಕಿ.ಮೀ. ಹೋಗಿ ಬಂದರೆ 120. ದಿನಾ ಇಷ್ಟು ಓಡಾಡಿ, ಸಂಜೆ ಲಾಯಕ್ಕೂ ಹೋಗಿ, ರಾತ್ರಿ ಕೂತು ವರದಿ ಬರೆಯುತ್ತೇನೆ ಎಂದರೆ ನಾನು ನಂಬುವುದಿಲ್ಲ. ದುರ್ಗದಲ್ಲೇ ಒಂದು ರೂಮು ಮಾಡು. ಆಗದಿದ್ದರೆ ಸಂಜೆಯ ಲಾಯ ಬಿಡು, ವಾರಕ್ಕೆ ಒಂದು ಸವಾರಿ ಇಟ್ಟುಕೋ. ತಬಲಾ ಮನೆಯಲ್ಲೇ ನುಡಿಸು.

ಹೆಲ್ಮೆಟ್, ಟಿಟಿ ಇಂಜೆಕ್ಷನ್ ಬಗ್ಗೆ ನಾನು ಬರೆಯುವುದಿಲ್ಲ. ಕುದುರೆ ಹತ್ತಿರ ಹೋಗುವವರಿಗೆ ಅಷ್ಟು ಗೊತ್ತಿರಲೇಬೇಕು. ಬಿದ್ದರೆ ಮಾತ್ರ ಮುಚ್ಚಿಡಬೇಡ. ಹಿಂದೆ ನನ್ನ ಹತ್ತಿರ ಕಲಿಯುತ್ತಿದ್ದ ಒಬ್ಬ ಹುಡುಗ ಬೈಕಿನಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡಿದ್ದ. ರಜೆ ಕೇಳಲು ನಾಚಿಕೆ. ಮರುದಿನ ಒಂದು ಮಡಕೆಯನ್ನು ಕಂಠ ಹಿಡಿದು ಒಂದೇ ಕೈಯಲ್ಲಿ ಎತ್ತಿದ. ಕಂಠ ಕೈಯಲ್ಲಿ ಉಳಿಯಿತು, ಮಡಕೆ ನೆಲಕ್ಕೆ ಹೋಯಿತು. ಅವನು ಅತ್ತಿದ್ದು ನನಗೆ ಇನ್ನೂ ನೆನಪಿದೆ. 'ಕೈ ನೋಯುತ್ತಿದೆ ಮೇಡಂ' ಎಂದಿದ್ದರೆ ಅವನಿಗೆ ಅವತ್ತು ರಿಜಿಸ್ಟರ್ ಕೆಲಸ ಕೊಡುತ್ತಿದ್ದೆ.

ಲಾಯದಲ್ಲಿ ತೊಟ್ಟ ಬಟ್ಟೆಯಲ್ಲಿ, ಹಳೆ ವಸ್ತುಗಳನ್ನು ಜೋಪಾನವಾಗಿಡುವ ಮ್ಯೂಸಿಯಂ ಸ್ಟೋರ್‌ಗೆ ಕಾಲಿಡಬೇಡ. ಉಣ್ಣೆ, ಚರ್ಮ, ಕೂದಲು ತಿಂದು ಬದುಕುವ ಹುಳಗಳಿವೆ. ಜೀನಿನ ಕೆಳಗೆ ಹಾಸುವ ಕಂಬಳಿ ಅವಕ್ಕೆ ಒಳ್ಳೆ ಊಟ, ಸ್ಟೋರ್‌ನಲ್ಲಿರುವ ಹಳೆ ಬಟ್ಟೆ ಇನ್ನೂ ಒಳ್ಳೆ ಊಟ. ಸ್ನಾನ ಮಾಡು, ಬಟ್ಟೆ ಬದಲಿಸು, ಶೂ ಬೇರೆ ಇಟ್ಟುಕೋ. ಜೀನಿಗೆ ಹಚ್ಚಿದ ಎಣ್ಣೆ ಉಗುರಿನ ಸಂದಿಯಲ್ಲಿ ಉಳಿಯುತ್ತದೆ, ಅದನ್ನೂ ತೊಳೆ.

ಇಷ್ಟು ಮಾಡಿದರೆ ಕುದುರೆಯಿಂದ ನಿನಗೆ ಲಾಭವೇ. ನಮ್ಮ ಕಡೆ ವೀರಗಲ್ಲುಗಳಲ್ಲಿ ಎಷ್ಟು ಕುದುರೆಗಳಿವೆ! ಮ್ಯೂಸಿಯಂನಲ್ಲಿ ವಸ್ತುಗಳ ವಿವರದ ಕಾರ್ಡು ಬರೆಯುವವರು 'ಕುದುರೆ ಮೇಲೆ ಕೂತ ವೀರ' ಎಂದು ಬರೆದು ಮುಗಿಸುತ್ತಾರೆ. ನೀನು ಲಗಾಮು ಹಿಡಿದ ಕೈ ಯಾವುದು ನೋಡುತ್ತೀಯ. ಕಡಿವಾಣ ಹೇಗೆ ಕಟ್ಟಿದ್ದಾರೆ, ಜೀನು ಇದೆಯಾ, ಕಾಲು ರಿಕಾಪಿನಲ್ಲಿದೆಯಾ ಇಳಿಬಿದ್ದಿದೆಯಾ ನೋಡುತ್ತೀಯ. ಹತ್ತಿ ಇಳಿದವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ. ನಿನ್ನ ಇಂಟರ್ನ್‌ಶಿಪ್ ವರದಿಗೆ ಇದನ್ನೇ ವಿಷಯ ಮಾಡಿಕೋ ಎನ್ನುತ್ತೇನೆ.

ಈಗ ನನ್ನ ನಿದ್ದೆ ಕೆಡಿಸಿದ ಸಾಲಿಗೆ ಬರುತ್ತೇನೆ. ನಿನ್ನ ಪತ್ರ ಉದ್ದವಿತ್ತು, ನಾನು ಕತ್ತರಿಸಿದ್ದೇನೆ. ಪುಟ ತುಂಬ ಕುದುರೆ ಇತ್ತು. ಆ ಎರಡು ಸೀಸದ ನಾಣ್ಯಕ್ಕೆ ಒಂದೇ ಸಾಲು.

ಚಂದ್ರವಳ್ಳಿ ಎಂದರೆ ಏನೆಂದು ನಿನಗೆ ಗೊತ್ತಿದೆ ಅಲ್ವಾ? ದುರ್ಗದ ಪಕ್ಕದ ಪ್ರಾಚೀನ ನೆಲೆ. 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಲ್ಲಿ ಅಗೆದರು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆದರು. ಶಾತವಾಹನರ ಕಾಲದ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಅಲ್ಲಿ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಇಂಥ ನಾಣ್ಯ ಮಣ್ಣಿನ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಯಾವ ಮಡಕೆ ಚೂರಿತ್ತು ಎಂದು ಬರೆದಿಟ್ಟರೆ ಆ ಪದರದ ಕಾಲ ಹೇಳಲು ಒಂದು ಆಧಾರ ಸಿಗುತ್ತದೆ. ಅದೇ ನಾಣ್ಯ ಯಾರದೋ ಜೇಬಿಗೆ ಹೋದರೆ ಬರೀ ಬೆಳ್ಳಿ ಬಿಲ್ಲೆ. ಸೀಸದ್ದೂ ಹಾಗೇ. 'ಸದಕಣ ಕಳಲಾಯ ಮಹಾರಠಿ' ಎಂಬ ಶಾತವಾಹನರ ಕಾಲದ ಸ್ಥಳೀಯ ಅಧಿಪತಿಯ ಹೆಸರು, ಗೂಳಿಯ ಚಿತ್ರ ಇರುವ ಸೀಸದ ನಾಣ್ಯಗಳು ಸಿಕ್ಕಿದ್ದು ನಮ್ಮ ದುರ್ಗದ ಕಡೆಯಲ್ಲೇ. ನಿನ್ನ ಡಬ್ಬಿಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

'ಮಳೆಯಲ್ಲಿ ಮೇಲೆ ಬಂದಿತ್ತು, ಅಗೆದಿಲ್ಲ' ಎನ್ನಬೇಡ. ನೆಲದಲ್ಲಿ ಸಿಕ್ಕಿದ್ದು ಸಿಕ್ಕವರದ್ದೇ ಎನ್ನುವುದು ಜನ ನಂಬಿಕೊಂಡು ಬಂದಿರುವ ಸುಳ್ಳು. ಕರ್ನಾಟಕದಲ್ಲಿ ಇದಕ್ಕೆಂದೇ 1962ರ ನಿಧಿ ಕಾಯ್ದೆ ಇದೆ. ಸಿಕ್ಕಿದ್ದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ವಸ್ತು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಇದು ಎಲ್ಲರಿಗೂ ಅನ್ವಯಿಸುವ ಮಾತು. ನಿನಗೆ ಇನ್ನೊಂದೂ ಇದೆ. ಮ್ಯೂಸಿಯಂಗಳ ಅಂತರರಾಷ್ಟ್ರೀಯ ಸಂಸ್ಥೆ ಐಕಾಮ್ 1986ರಲ್ಲಿ ಒಂದು ನೀತಿ ಸಂಹಿತೆ ಒಪ್ಪಿಕೊಂಡಿತು, 2004ರಲ್ಲಿ ಅದನ್ನು ಪರಿಷ್ಕರಿಸಿತು. ಮ್ಯೂಸಿಯಂನಲ್ಲಿ ಕೆಲಸ ಮಾಡುವವರು ಸ್ವಂತಕ್ಕೆ ಸಂಗ್ರಹ ಮಾಡುತ್ತಾ ತಮ್ಮ ಮ್ಯೂಸಿಯಂ ಜೊತೆ ಪೈಪೋಟಿಗೆ ಇಳಿಯಬಾರದು ಎಂದು ಅದರಲ್ಲಿದೆ. ನಾಳೆ ಸ್ಟೋರ್‌ನಲ್ಲಿ ಒಂದು ನಾಣ್ಯ ಲೆಕ್ಕಕ್ಕೆ ಸಿಗದೇ ಹೋಯಿತು ಅಂದುಕೋ. ಎಲ್ಲರ ಕಣ್ಣು ಯಾರ ಡಬ್ಬಿ ಕಡೆ ತಿರುಗುತ್ತದೆ?

ಆ ಮರದ ಡಬ್ಬಿಯಿಂದ ಅವನ್ನು ಇವತ್ತೇ ತೆಗೆ. ಮರದಿಂದ ಹೊರಬರುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ತೊಳೆಯಬೇಡ, ಉಜ್ಜಬೇಡ, ಎಣ್ಣೆ ಹಚ್ಚಬೇಡ. ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿಗೆ ಹಾಕು. ಸೀಸ ವಿಷ, ಮುಟ್ಟಿದ ಮೇಲೆ ಕೈ ತೊಳೆ. ಎಲ್ಲಿ ಸಿಕ್ಕಿತು, ಯಾವ ತಿಂಗಳು, ಸುತ್ತ ಏನಿತ್ತು, ನೆನಪಿದ್ದಷ್ಟು ಬರೆ. ಆ ಹಾಳೆಯ ಜೊತೆ ಮೊದಲ ದಿನವೇ ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಹತ್ತಿರ ಹೋಗು, ಅವರ ಮೂಲಕ ಜಿಲ್ಲಾಧಿಕಾರಿ ಕಚೇರಿಗೆ ಪತ್ರ ಕೊಡು, ಸ್ವೀಕೃತಿ ಇಸಿದುಕೋ. ನಿನ್ನ ಹತ್ತಿರ ಇರುವ ಆಣೆ, ಪೈಸೆಗಳ ಪಟ್ಟಿಯನ್ನೂ ಕೊಡು. ಮೂರು ತಿಂಗಳು ಕೊಳ್ಳುವುದು, ಬದಲಾಯಿಸುವುದು ಎರಡೂ ಬೇಡ.

ನಾನು ಈ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ಒಂದು ಹಳೆ ನಾಣ್ಯವನ್ನೂ ಇಟ್ಟುಕೊಂಡಿಲ್ಲ. ಅಜ್ಜಿ ಕೊಟ್ಟ ಬೆಳ್ಳಿ ರೂಪಾಯಿಗಳನ್ನೂ ತಂಗಿಗೆ ಕೊಟ್ಟೆ. ಜಾಸ್ತಿ ಆಯಿತು ಎಂದು ಮನೆಯವರು ಹೇಳಿದರು. ಇರಬಹುದು. ನನಗೆ ಅದರಿಂದ ನೆಮ್ಮದಿ ಇದೆ.

ಪ್ರಶ್ನೆ: ಮಗನ ಪಿಯುಸಿ ಮುಗಿದಿದೆ. ಒಂದು ವಾರದ ಆನ್‌ಲೈನ್ ಸರ್ಟಿಫಿಕೇಟ್ ಮಾಡಿಸಿದರೆ ಮ್ಯೂಸಿಯಂ ಕೆಲಸ ಗ್ಯಾರಂಟಿ ಎನ್ನುತ್ತಾರೆ. ಕಟ್ಟಲಾ? (ಹರಿಹರ)

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮೊದಲು ಡಿಗ್ರಿ ಆಗಲಿ, ಇತಿಹಾಸವೋ ರಸಾಯನ ವಿಜ್ಞಾನವೋ. ಆಮೇಲೆ ಸ್ನಾತಕೋತ್ತರ ಓದು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದ ಮ್ಯೂಸಿಯಾಲಜಿ ಕಲಿಸುತ್ತಿದ್ದಾರೆ. ಕೆಲಸದ ಗ್ಯಾರಂಟಿ ಕೊಡುವವರನ್ನು ಹತ್ತಿರ ಸೇರಿಸಬೇಡಿ.

ಪ್ರಶ್ನೆ: ಪ್ರತಿಮೆಯ ಕುದುರೆ ಎರಡೂ ಮುಂಗಾಲು ಎತ್ತಿದ್ದರೆ ಸವಾರ ಯುದ್ಧದಲ್ಲಿ ಸತ್ತ ಅಂತ ಅಲ್ವಾ? (ಹಿರಿಯೂರು)

ಉತ್ತರ: ಅಲ್ಲ. ಅಂಥ ನಿಯಮ ಯಾವ ಶಿಲ್ಪಿಗೂ ಇಲ್ಲ.

ಪ್ರಶ್ನೆ: ಕಪ್ಪು ಕುದುರೆಯ ಲಾಳದ ಉಂಗುರ ಹಾಕಿದರೆ ಇಂಟರ್‌ವ್ಯೂ ಪಾಸಾಗುತ್ತದೆಯೇ? (ಜಗಳೂರು)

ಉತ್ತರ: ಇಲ್ಲ. ಆ ದುಡ್ಡಿಗೆ ಮಕ್ಕಳಿಗೆ ಪುಸ್ತಕ ತಂದುಕೊಡಿ.

ಪ್ರಶ್ನೆ: ಮನೆಯಲ್ಲಿರುವ ತಾಮ್ರಪಟವನ್ನು ಹುಣಸೆಹಣ್ಣಿನಿಂದ ಉಜ್ಜಬಹುದೇ? (ಹೊಸದುರ್ಗ)

ಉತ್ತರ: ದಯವಿಟ್ಟು ಬೇಡ. ಕಿಲುಬಿನ ಜೊತೆ ಅಕ್ಷರದ ಅಂಚೂ ಹೋಗುತ್ತದೆ.

ಪ್ರಶ್ನೆ: ಶಾಸನದ ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ಫೋಟೋ ತೆಗೆದರೆ ತಪ್ಪಾ? (ಚಳ್ಳಕೆರೆ)

ಉತ್ತರ: ತಪ್ಪು. ಸುಣ್ಣ ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಅದನ್ನು ತೆಗೆಯಲು ಮುಂದಿನವರು ಬ್ರಷ್ ಹಾಕಿ ತಿಕ್ಕುತ್ತಾರೆ. ಸಂಜೆ ಕತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಲಿ, ಇನ್ನೊಬ್ಬರು ಫೋಟೋ ತೆಗೆಯಲಿ. ಹಗಲಲ್ಲಿ ಕಾಣದ ಅಕ್ಷರವೂ ಎದ್ದು ಕಾಣುತ್ತದೆ.