ಡಿಸ್‌ಇನ್‌ಫ್ಲೇಷನ್ ಅಂದ್ರೆ ಬೆಲೆ ಇಳಿಯುತ್ತೆ ಅಂತಾನಾ?

ಇಲ್ಲ, ಬೆಲೆ ಇಳಿಯುವುದಿಲ್ಲ. ಬೆಲೆ ಏರುವ ವೇಗ ಮಾತ್ರ ಕಡಿಮೆಯಾಗುತ್ತದೆ.

ಬಾಗಲಕೋಟೆಯ ಒಂದು ಖಾನಾವಳಿ ಅಂದುಕೊಳ್ಳಿ. ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಇರುವ ಊಟಕ್ಕೆ 100 ರೂಪಾಯಿ. ಮರುವರ್ಷ 110 ಆಯಿತು, ಅಂದರೆ ಶೇ 10 ಏರಿಕೆ. ಅದರ ಮುಂದಿನ ವರ್ಷ 114. ಈ ಸಲದ ಏರಿಕೆ ಶೇ 4ಕ್ಕಿಂತ ಕಡಿಮೆ. ಶೇ 10 ಇದ್ದದ್ದು ಇಷ್ಟಕ್ಕೆ ಬಂತಲ್ಲ, ಅದೇ ಡಿಸ್‌ಇನ್‌ಫ್ಲೇಷನ್. ಕನ್ನಡದಲ್ಲಿ ‘ಹಣದುಬ್ಬರ ತಗ್ಗುವುದು’ ಅನ್ನಬಹುದು.

ಆದರೆ ಜೇಬಿನಿಂದ 4 ರೂಪಾಯಿ ಜಾಸ್ತಿಯೇ ಹೋಯಿತು ಅಲ್ವಾ? ಅದಕ್ಕೇ ‘ಹಣದುಬ್ಬರ ಇಳಿದಿದೆ’ ಅಂತ ಸುದ್ದಿ ಬಂದಾಗ ಸಂತೆಗೆ ಹೋಗಿ ಬಂದವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಸುಮ್ನೆ ಅಲ್ಲ. ಕೂಲಿ ಹೆಚ್ಚಾಗದಿದ್ದರೆ ಹಿಂದಿನ ಏರಿಕೆಯ ಭಾರ ಹಾಗೇ ಹೆಗಲ ಮೇಲೆ ಉಳಿದಿರುತ್ತದೆ.

ಅದೇ ಊಟ 114ರಿಂದ 108ಕ್ಕೆ ಬಂದು, ಒಟ್ಟಾರೆ ಸಾಮಾನುಗಳ ಬೆಲೆಯೂ ಹೀಗೇ ಇಳಿಯುತ್ತಾ ಹೋದರೆ ಅದು ಡಿಫ್ಲೇಷನ್. ಟೊಮೆಟೊ ಒಂದರ ದರ ಬಿದ್ದರೆ ಎರಡೂ ಅಲ್ಲ.

ನಮ್ಮ ದೇಶದ್ದೇ ಉದಾಹರಣೆ ನೋಡಿ. 2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.79 ಇತ್ತು. ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಸಾಲ ದುಬಾರಿಯಾದರೆ ಜನ ಖರೀದಿಗೆ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ, ಬೆಲೆಯ ಓಟವೂ ನಿಧಾನವಾಗುತ್ತದೆ. 2023ರ ಮೇ ಹೊತ್ತಿಗೆ ಹಣದುಬ್ಬರ ಶೇ 5ರ ಕೆಳಗೆ ಬಂದಿತ್ತು.